ಮುಳ್ಳುಗಳ ಗುಂಪು

ಮಿದುಳಿನ ಜೀವಕೋಶದಿಂದ ಕೊಂಬೆಗಳು ಹೊರಡುತ್ತವೆ. ಕೊಂಬೆಗಳ ಉದ್ದಕ್ಕೂ ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ಮುಳ್ಳುಗಳಿರುತ್ತವೆ. ಅವು ಯಾವ ಲೆಕ್ಕಾಚಾರದಲ್ಲಿ ಕೂತಿವೆ ಎಂದು ಕಂಡುಹಿಡಿಯುವುದಕ್ಕೆ ನನಗೆ ಸಂಬಳ. ಮನೆಗೆ ನೆಂಟರು ಬಂದಾಗ ಎಷ್ಟು ತಟ್ಟೆ ಇಡಬೇಕೆಂದು ಹೆಂಡತಿ ನನ್ನನ್ನು ಕೇಳುವುದಿಲ್ಲ, ಅದು ಬೇರೆ ಮಾತು.

ಮೂರು ವರ್ಷ ತಲೆ ಕೆಡಿಸಿಕೊಂಡ ಮೇಲೆ ನನ್ನ ಕಂಪ್ಯೂಟರ್ ಮಾಡೆಲ್ ಒಂದು ಅದ್ಭುತ ಹೇಳಿತು: ಮುಳ್ಳುಗಳು ಸಮ ಅಂತರದಲ್ಲಿ ಗುಂಪುಗೂಡುತ್ತವೆ! ನಾನು ನೆಲದ ಮೇಲೆ ನಡೆಯುವುದನ್ನೇ ಬಿಟ್ಟೆ. ತೊಡಕು ಒಂದೇ. ಮೈಕ್ರೋಸ್ಕೋಪಿನಲ್ಲಿ ತೆಗೆದ ಚಿತ್ರಗಳನ್ನು ನಾನು ಎಣಿಸಿದರೆ ಗುಂಪುಗಳಿರುತ್ತಿದ್ದವು; ಹನ್ನೊಂದು ವರ್ಷದಿಂದ ಮೈಕ್ರೋಸ್ಕೋಪಿನ ಮುಂದೆ ಕೂತು ಮುಳ್ಳು ಗುರುತಿಸುತ್ತಿದ್ದ, ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ ಹೆಂಗಸು ಅದೇ ಚಿತ್ರಗಳನ್ನು ಎಣಿಸಿದರೆ ಗುಂಪುಗಳೇ ಇರುತ್ತಿರಲಿಲ್ಲ. ಇಬ್ಬರಲ್ಲಿ ಒಬ್ಬರ ಕಣ್ಣು ಮಂದವಾಗಿರಬೇಕು. ನನ್ನದಂತೂ ಆಗಿರಲಾರದು, ನಾನು ಡಾಕ್ಟರೇಟ್ ಮಾಡಿದವನು. ‘ಇವರ ಎಣಿಕೆ ನಂಬುವಂತಿಲ್ಲ’ ಎಂದು ನಮ್ಮ ಪ್ರಯೋಗಾಲಯದ ಮುಖ್ಯಸ್ಥೆಗೆ ಬರೆದೆ. ಸೋಮವಾರದಿಂದ ಅಕ್ಕನಿಗೆ ಕೆಲಸವಿಲ್ಲ ಎಂದಾಯಿತು.

ಶುಕ್ರವಾರ ಅಕ್ಕ ನನ್ನ ಕೋಣೆಗೆ ಬಂದರು. ಜಗಳಕ್ಕೆ ನಿಲ್ಲಲಿಲ್ಲ. ಕುರ್ಚಿ ಎಳೆದು, “ಸರ್, ನನ್ನೆದುರು ಒಂದು ಕೊಂಬೆ ಎಣಿಸಿ ತೋರ್ಸಿ. ನಾನೆಲ್ಲಿ ಬಿಡ್ತಿದ್ದೀನಿ ಅಂತ ಗೊತ್ತಾಗ್ಲಿ” ಎಂದರು.

ಮೇಷ್ಟರ ಗತ್ತಿನಲ್ಲಿ ಕೂತೆ. ಒಂದು ಕೊಂಬೆ ಒಂದೇ ಚಿತ್ರದಲ್ಲಿ ಹಿಡಿಸುವುದಿಲ್ಲ, ಆರೇಳು ಬೇಕು. ಮೊದಲನೆಯದನ್ನು ಮುಗಿಸಿ, ಎರಡನೆಯದರ ಅಂಚಿನಲ್ಲಿದ್ದ ಮುಳ್ಳಿಗೆ ಗುರುತು ಹಾಕಿದೆ.

“ಇದನ್ನ ಈಗಷ್ಟೇ ಎಣಿಸಿದ್ರಲ್ಲ ಸರ್?”

“ಇದು ಬೇರೆ ಚಿತ್ರ.”

“ಚಿತ್ರ ಬೇರೆ, ಮುಳ್ಳು ಅದೇ. ಮಧ್ಯೆ ಏನೂ ತಪ್ಪಿಹೋಗ್ಬಾರ್ದು ಅಂತ ಹಿಂದಿನ ಚಿತ್ರದ ಕೊನೇ ತುಂಡನ್ನ ಮುಂದಿನದ್ರಲ್ಲೂ ಸೇರಿಸಿ ತೆಗೀತೀವಿ. ಅಷ್ಟನ್ನ ಬಿಟ್ಟು ಎಣಿಸ್ಬೇಕು.”

ಚಿತ್ರಗಳು ಕೂಡುವ ಜಾಗದಲ್ಲೆಲ್ಲ ಎರಡೆರಡು ಸಲ ಎಣಿಸಿ, ಹಾಗೆ ಸಮ ಅಂತರದಲ್ಲಿ ಹುಟ್ಟಿದ ಗುಂಪುಗಳಿಗೆ ಪ್ರಕೃತಿಯ ನಿಯಮ ಎಂದು ಹೆಸರಿಟ್ಟಿದ್ದೆ. ಬಾಯಿ ಮುಚ್ಚಿಕೊಂಡಿದ್ದರೆ ಸೋಮವಾರ ಅಕ್ಕ ಹೋಗುತ್ತಾರೆ, ನಿಯಮ ಉಳಿಯುತ್ತದೆ. ಆ ಯೋಚನೆ ಬರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಮುಖ್ಯಸ್ಥೆಯ ಕೋಣೆಯ ಮೆಟ್ಟಿಲು ಹತ್ತುವವರೆಗೂ ಜೊತೆಗೇ ಬಂತು.

ಅಕ್ಕನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಎಲ್ಲವನ್ನೂ ಒದರಿಬಿಟ್ಟೆ. ಮುಖ್ಯಸ್ಥೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಸರಿ, ಇವ್ರು ಇರ್ತಾರೆ. ಈಗ ನಿಮ್ಮನ್ನ ಏನ್ ಮಾಡೋದು?”

ನಾಚಿಕೆಯಿಂದ ಅಕ್ಕನ ಕಡೆ ತಿರುಗಿ ನೋಡಲಾಗಲಿಲ್ಲ.

“ಇರ್ಲಿ ಬಿಡಿ ಮೇಡಂ” ಎಂದರು ಅಕ್ಕ. “ಎಣಿಸೋದನ್ನ ನಾನು ಕಲಿಸ್ತೀನಿ.”