ಗೋಡೆಯೊಳಗೆ ಕಳೆದುಹೋದ ಮೂವತ್ತು ವೋಲ್ಟು

ಮನೆಯ ಹಿಂದಿನ ಕೋಣೆಯಲ್ಲಿ ಕುಂಬಾರಿಕೆ ಶುರುಮಾಡಿದ್ದ ಅವಳಿಗೆ ಆ ತಿಂಗಳು ಒಂದು ಬಟ್ಟಲೂ ಸರಿಯಾಗಿ ಬೆಂದು ಬರಲಿಲ್ಲ. ಕರೆಂಟ್ ಭಟ್ಟಿ ಕೆಂಪಗಾಗುತ್ತಿತ್ತು, ಆದರೆ ಹೊಳಪಿನ ಲೇಪ ಕರಗುವಷ್ಟು ಕಾವು ಏರುತ್ತಿರಲಿಲ್ಲ. ಬಾಗಿಲು ತೆಗೆದರೆ ಲೇಪ ಹಳೆಯ ಸುಣ್ಣದಂತೆ ಹಕ್ಕಳೆಗಟ್ಟಿರುತ್ತಿತ್ತು. ಉಗುರು ತಾಗಿದರೆ ಉದುರುತ್ತಿತ್ತು.

ಸೋದರಮಾವ ವೈರಿಂಗ್ ಕೆಲಸದವರು. ಈ ಮನೆಗೂ ಬೀದಿಯ ಅರ್ಧ ಮನೆಗಳಿಗೂ ತಂತಿ ಎಳೆದವರು ಅವರೇ. ಕೇಳಿದರೆ, ಬಂದು ನೋಡುವ ಗೋಜಿಗೂ ಹೋಗದೆ, ಭಟ್ಟಿಯೊಳಗೆ ಕಾಯುವ ತಂತಿಯ ಕಾಯಿಲ್ ಹಳತಾಗಿದೆ, ಹೊಸದು ಹಾಕಿಸು ಎಂದುಬಿಟ್ಟರು. ಹಾಕಿಸಿದಳು. ಭಟ್ಟಿಯ ಹಣೆಬರಹ ಬದಲಾಗಲಿಲ್ಲ.

ರೋಸಿಹೋಗಿ ತಾನೇ ಒಂದು ಮೀಟರ್ ತಂದಳು. ಅದರ ಬಾಯಿಯಲ್ಲಿ ತಂತಿಯನ್ನು ಕಚ್ಚಿಸಿದರೆ ಎಷ್ಟು ಆಂಪಿಯರ್ ಹರಿಯುತ್ತಿದೆ ಎಂದು ತೋರಿಸುತ್ತಿತ್ತು. ಭಟ್ಟಿಯ ಬೆನ್ನಿನ ತಗಡಿನ ಮೇಲೆ ಇನ್ನೂರಮೂವತ್ತು ವೋಲ್ಟು, ಹದಿಮೂರು ಆಂಪಿಯರ್ ಎಂದಿತ್ತು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಕಾಯಿಲಿನ ರೋಧ, ಎರಡನ್ನೂ ಗುಣಿಸಿದರೆ ಭಟ್ಟಿಯ ಶಕ್ತಿ. ಶಾಲೆಯಲ್ಲಿ ಉರುಹೊಡೆದದ್ದು ಅಷ್ಟು ನೆನಪಿತ್ತು. ಕಾಯಿಲಿನ ರೋಧ ಹದಿನೇಳೂಮುಕ್ಕಾಲು ಓಮ್ ಇರಬೇಕು. ಮೀಟರ್ ಹನ್ನೊಂದೂಕಾಲು ಆಂಪಿಯರ್ ತೋರಿಸಿತು. ಇನ್ನೂರಮೂವತ್ತನ್ನು ಅದರಿಂದ ಭಾಗಿಸಿದಳು, ಇಪ್ಪತ್ತು ದಾಟಿತು. ಹೊಸ ಕಾಯಿಲ್ ಮಾಡಿಕೊಟ್ಟ ಅಂಗಡಿಯವನು ತಂತಿಯನ್ನು ಉದ್ದ ಸುತ್ತಿ ತನ್ನ ತಲೆಗೆ ಕಟ್ಟಿದ್ದಾನೆ ಎಂದು ಖಾತ್ರಿಯಾಯಿತು.

ಕಾಯಿಲ್ ಬಿಚ್ಚಿಕೊಂಡು ಅವನ ಅಂಗಡಿಗೆ ಹೋಗಿ ಬಾಯಿಗೆ ಬಂದದ್ದೆಲ್ಲ ಅಂದಳು. ಅವನು ತನ್ನ ಮೀಟರಿನ ಎರಡು ಮೊನೆಗಳನ್ನು ಕಾಯಿಲಿನ ತುದಿಗಳಿಗೆ ಒತ್ತಿ ತೋರಿಸಿದ. ಹದಿನೇಳೂಮುಕ್ಕಾಲು.

"ಆಂಪ್ಸ್ ಅಳೆದ್ರಿ ಅಕ್ಕ, ಸರಿ. ವೋಲ್ಟೇಜ್ ಅಳೆದ್ರಾ, ಇಲ್ಲ ತಗಡಿನ ಮೇಲೆ ಬರೆದಿದ್ದನ್ನೇ ನಂಬಿದ್ರಾ?"

ಅವಳ ಮುಖ ಹುಳ್ಳಗಾಯಿತು. ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಳ್ಳುತ್ತ ಬಂದು, ಕಾಯಿಲ್ ಮತ್ತೆ ಕೂರಿಸಿ, ಭಟ್ಟಿ ಉರಿಯುತ್ತಿರುವಾಗಲೇ ವೋಲ್ಟೇಜ್ ಅಳೆದಳು. ಬರೀ ಇನ್ನೂರು. ಅದನ್ನು ಹನ್ನೊಂದೂಕಾಲರಿಂದ ಭಾಗಿಸಿದರೆ ಅದೇ ಹದಿನೇಳೂಮುಕ್ಕಾಲು, ಈಗ ಲೆಕ್ಕ ಕೂಡಿಬಂತು. ಮೂರು ಸಾವಿರ ವ್ಯಾಟಿನ ಭಟ್ಟಿ ಎರಡು ಸಾವಿರದ ಇನ್ನೂರೈವತ್ತರಲ್ಲಿ ಏದುಸಿರು ಬಿಡುತ್ತಿತ್ತು.

ಫೋನಿನಲ್ಲಿ ಮಾವ, ಬೀದಿಗೆ ಬರುವ ಕರೆಂಟೇ ಕಮ್ಮಿ, ಅದಕ್ಕೆ ನಾನೇನು ಮಾಡಲಿ ಎಂದರು. ಕರೆಂಟ್ ಆಫೀಸಿಗೆ ಅಲೆದು ಅಲೆದು ಕೊನೆಗೊಬ್ಬ ಲೈನ್‌ಮನ್ ಬಂದ. ಭಟ್ಟಿ ಹಚ್ಚಿಸಿ, ಬಾಗಿಲ ಬಳಿಯ ಮೀಟರ್ ಬೋರ್ಡಿನಲ್ಲಿ ನೋಡಿದ. ಇನ್ನೂರಮೂವತ್ತು ನೆಟ್ಟಗೆ ನಿಂತಿತ್ತು. ಇಲ್ಲಿವರೆಗೆ ನಮ್ಮದು, ಒಳಗಿನದು ನಿಮ್ಮದು ಎಂದು ಸೈಕಲ್ ಹತ್ತಿದ.

ಮಾವನ ಕಡೆ ಬೆಟ್ಟು ಮಾಡಿದರೆ ಮಾವ ಬೀದಿಯ ಕಡೆ, ಬೀದಿಯವರು ಮನೆಯ ಕಡೆ. ಅವಳಿಗೆ ಮೀಟರನ್ನು ಗೋಡೆಗೆ ಅಪ್ಪಳಿಸುವಷ್ಟು ಸಿಟ್ಟು ಬಂತು. ಕೈಯೆತ್ತಿದವಳು ಆ ಗೋಡೆಯನ್ನೇ ನೋಡುತ್ತ ನಿಂತಳು. ಬಾಗಿಲಲ್ಲಿ ಇನ್ನೂರಮೂವತ್ತು, ಹಿಂದಿನ ಕೋಣೆಯಲ್ಲಿ ಇನ್ನೂರು. ಮಧ್ಯೆ ಮೂವತ್ತು ವೋಲ್ಟು ಎಲ್ಲಿ ಹೋಯಿತು? ಮೂವತ್ತನ್ನು ಹನ್ನೊಂದೂಕಾಲರಿಂದ ಗುಣಿಸಿದಳು. ಮುನ್ನೂರು ವ್ಯಾಟಿನ ಮೇಲಾಯಿತು. ಹಳೆಯ ಕಾಲದ ನೂರು ವ್ಯಾಟಿನ ಬಲ್ಬುಗಳು ಮೂರು, ಗೋಡೆಯೊಳಗೆ ಯಾರ ಕಣ್ಣಿಗೂ ಬೀಳದೆ ಉರಿಯುತ್ತಿದ್ದವು.

ಓಡಿಹೋಗಿ ಭಟ್ಟಿ ಆರಿಸಿದಳು.

ತಂತಿ ಹೋಗಿದ್ದುದು ಅಮ್ಮ ಮಲಗುವ ಕೋಣೆಯ ಮೂಲಕ. ಬೀರು ಸರಿಸೋಣವೆಂದರೆ ಅಮ್ಮ ಸುತರಾಂ ಒಪ್ಪಲಿಲ್ಲ. ನನ್ನ ತಮ್ಮನ ಕೆಲಸಕ್ಕೆ ಇವತ್ತಿನವರೆಗೆ ಯಾರೂ ಹೆಸರಿಟ್ಟವರಿಲ್ಲ, ನಿನ್ನ ಭಟ್ಟಿಗೋಸ್ಕರ ಅವನ ಮಾನ ಕಳೆಯಬೇಡ ಎಂದರು. ಮಗಳು ಲೆಕ್ಕ ಬಿಡಿಸಿ ಹೇಳಿದಳು. ಅಮ್ಮ ಬಟ್ಟೆ ಮಡಿಸುತ್ತಲೇ ಇದ್ದರು.

ಕೊನೆಗೆ ಬೀರುವಿನ ಹಿಂದಿನ ಸಂದಿಯಲ್ಲಿ ಕೈತೂರಿಸಿ ಗೋಡೆಯನ್ನು ಸವರುತ್ತ ಹೋದಳು. ಒಂದು ಕಡೆ ಅಂಗೈ ತಟ್ಟನೆ ನಿಂತಿತು. ಅಮ್ಮನ ಕೈ ಹಿಡಿದು ಅಲ್ಲಿಗೇ ಒತ್ತಿದಳು. ಅಮ್ಮ ಬಿಸಿ ಬಾಣಲೆ ಮುಟ್ಟಿದವರಂತೆ ಕೈ ಎಳೆದುಕೊಂಡರು. ತಾವೇ ತಮ್ಮನಿಗೆ ಫೋನ್ ಮಾಡಿದರು.

ಅಕ್ಕ ಕರೆದರೆಂದು ಮಾವ ಬಂದರು, ಮುಖ ಗಂಟಿಕ್ಕಿಕೊಂಡೇ. ಬೀರು ಸರಿಯಿತು. ಮೇನ್ ಆರಿಸಿ, ಗೋಡೆಯ ಡಬ್ಬಿಯ ಮುಚ್ಚಳ ಬಿಚ್ಚಿದರೆ ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಅಡರಿತು. ತಂತಿಯ ಹೊದಿಕೆ ಕರಕಲಾಗಿ ಪುಡಿಪುಡಿ ಉದುರಿತು. ಎರಡು ತಂತಿಗಳನ್ನು ತಿರುಚಿ ಸೇರಿಸಿದ್ದ ಗಂಟು ಸಡಿಲಗೊಂಡು ಕಪ್ಪಾಗಿತ್ತು.

ಮಾವ ಆ ಗಂಟನ್ನು ಬೆರಳಿನಿಂದ ಅಲುಗಾಡಿಸಿದರು. "ನಾನೇ ತಿರುಚಿದ್ದು," ಎಂದರು. "ಆಗ ಈ ಮನೇಲಿ ಬಲ್ಬು, ಫ್ಯಾನು ಬಿಟ್ರೆ ಏನಿತ್ತು? ಇಷ್ಟು ಸಣ್ಣ ತಂತಿ ಸಾಕು ಅನ್ಸಿತ್ತು."

ಗೆದ್ದ ಖುಷಿ ಅವಳಿಗೆ ಆಗಲಿಲ್ಲ. ಸಿಟ್ಟೂ ಇಳಿದಿರಲಿಲ್ಲ. "ಮೊದಲೇ ಒಂದ್ಸಲ ಬಂದು ನೋಡಬಾರದಿತ್ತಾ, ಮಾವ? ಅಮ್ಮ ಇಲ್ಲೇ ಮಲಗೋದು."

ಮಾವ ಮರುದಿನ ಬೆಳಿಗ್ಗೆಯೇ ದಪ್ಪ ತಂತಿಯ ಸುರುಳಿ ಹೊತ್ತು ತಂದು, ಬಾಗಿಲಿಂದ ಭಟ್ಟಿಯವರೆಗೆ ಗಂಟಿಲ್ಲದೆ ಒಂದೇ ಎಳೆಯಾಗಿ ಎಳೆದರು. ಆಂಪಿಯರ್ ಹದಿಮೂರರ ಹತ್ತಿರ ಬಂತು. ಬಟ್ಟಲುಗಳು ಗಾಜಿನಂತೆ ಮಿನುಗುತ್ತ ಹೊರಬಂದವು. ಅಮ್ಮ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ಪರವಾಗಿಲ್ಲ ಎಂದರು.

ಮಾವನಿಗೆ ಮಾತ್ರ ಸಮಾಧಾನವಿರಲಿಲ್ಲ. ಮೀಟರ್ ತಗೊಂಡು ಜೊತೆಗೆ ಬಾ ಎಂದು ಅವಳನ್ನು ಎಬ್ಬಿಸಿ, ತಾವೇ ಹಿಂದೆ ತಂತಿ ಎಳೆದಿದ್ದ ಎದುರುಮನೆಗೆ ಕರೆದೊಯ್ದರು. ಅಲ್ಲಿನ ದರ್ಜಿ ಹಗಲೆಲ್ಲ ಭಾರದ ಕರೆಂಟ್ ಇಸ್ತ್ರಿಪೆಟ್ಟಿಗೆ ಉರಿಸುವವನು. ಗೋಡೆಯೊಳಗಿನ ತಂತಿ ನೋಡಬೇಕು, ಕಪಾಟು ಸರಿಸು ಎಂದು ಮಾವ ಹೇಳಿದರೆ ಅವನು ಸೂಜಿಯಿಂದ ಕಣ್ಣೆತ್ತಲಿಲ್ಲ.

"ದೀಪ ಚೆನ್ನಾಗೇ ಉರೀತಿದೆಯಲ್ಲ. ಆಮೇಲೆ ನೋಡೋಣ ಬಿಡಿ."

ಮಾವನ ಕಿವಿ ಕೆಂಪಾದವು. ಹೊಸ್ತಿಲಲ್ಲೇ ನಿಂತು ವೋಲ್ಟು, ಆಂಪಿಯರು, ವ್ಯಾಟು ಎಂದು ಶುರುಮಾಡಿ, ಗುಣಿಸುವಲ್ಲಿ ಭಾಗಿಸಿ, ತಡವರಿಸಿ, ಅಕ್ಕನ ಮಗಳ ಕಡೆ ತಿರುಗಿದರು. ಅವಳು ಹೊಸ್ತಿಲು ದಾಟಿ, ದರ್ಜಿಯ ಎದುರು ಕೂತು, ಮೊದಲಿನಿಂದ ಹೇಳತೊಡಗಿದಳು.