ಹನ್ನೆರಡನೆಯ ಗೆಜ್ಜೆ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಕಾರಹುಣ್ಣಿಮೆಯ ಮಾರನೆಯ ದಿನ. ಅಂದು ಶಾಲೆಯಲ್ಲಿ ಹದಿಮೂರರ ಮಗ್ಗಿ ಒಪ್ಪಿಸಬೇಕಿತ್ತು. ನನ್ನ ಓದು ಹನ್ನೆರಡಕ್ಕೇ ನಿಂತಿತು. ಆಮೇಲೆ ಹೋದಹೋದಲ್ಲಿ ಗಾಡಿಗಳ ಅಚ್ಚಿಗೆ ಕೀಲೆಣ್ಣೆ ಹಚ್ಚಿ ಹೊಟ್ಟೆ ಹೊರೆದುಕೊಂಡೆ. ಹಾಗೆ ಹೋದ ಒಂದು ಊರಿನ ಕಥೆ ಇದು. ಊರಿನ ಹೆಸರು ಬೇಡ.

ಆ ಊರೆಲ್ಲ ಇಳಿಜಾರು. ಮನೆಗೊಂದು ಗಾಡಿ, ನಡುವೆ ಎಲ್ಲರಿಗೂ ಸೇರಿದ ಒಂದು ಕಣಜ. ಗಾಡಿಯುಳ್ಳವರು ವರ್ಷಕ್ಕೊಮ್ಮೆ ಅದಕ್ಕೆ ಕಾಳು ಸುರಿಯಬೇಕು. ಗಾಡಿ ಮುರಿದರೆ ಕಣಜವೇ ರಿಪೇರಿ ಮಾಡಿಸಬೇಕು. ಯಾರು ಎಷ್ಟು ಕೊಳಗ ಕಾಳು ಸುರಿಯಬೇಕೆಂದು ಹೇಳುವವನು ಅಳೆಯುವವನು. ಕೆಟ್ಟವನಲ್ಲ, ಕೊಳಗ ನೋಡುತ್ತಿದ್ದ, ಮುಖ ನೋಡುತ್ತಿರಲಿಲ್ಲ, ಅಷ್ಟೆ. ಗಾಡಿ ಎಷ್ಟು ಹಳೆಯದು, ಹೊಡೆಯುವವರ ವಯಸ್ಸೆಷ್ಟು, ದಿನಕ್ಕೆ ಎಷ್ಟು ದೂರ ಓಡುತ್ತದೆ, ಯಾವ ಬೀದಿಯಲ್ಲಿ ನಿಲ್ಲುತ್ತದೆ ಎಂದು ಕೇಳಿ ಕೊಳಗ ಗೊತ್ತುಮಾಡುತ್ತಿದ್ದ. ರಿಪೇರಿಗೆಂದು ಕಣಜ ಮುಟ್ಟದೆ ವರ್ಷ ಕಳೆದವರ ಎತ್ತಿಗೆ ಯುಗಾದಿ ದಾಟಿದ ಮೇಲೆ ಒಂದು ಹಿತ್ತಾಳೆ ಗೆಜ್ಜೆ ಕಟ್ಟುತ್ತಿದ್ದ. ಗೆಜ್ಜೆ ಹೆಚ್ಚಿದಂತೆ ಕೊಳಗ ತುಸು ತಗ್ಗುತ್ತಿತ್ತು, ಹನ್ನೆರಡಾದರೆ ಅರ್ಧಕ್ಕರ್ಧ. ಒಮ್ಮೆ ಕಣಜ ಮುಟ್ಟಿದರೆ ಎಲ್ಲ ಗೆಜ್ಜೆಯೂ ವಾಪಸ್ಸು.

ನಾನು ಇಳಿದುಕೊಂಡದ್ದು ಕೆಳಬೀದಿಯ ಬಾಳವ್ವನ ಜಗುಲಿಯಲ್ಲಿ. ಗಂಡನಿಲ್ಲದವಳು, ಒಂಟೆತ್ತಿನ ಗಾಡಿಯಲ್ಲಿ ಇಟ್ಟಿಗೆ ಸಾಗಿಸುತ್ತಿದ್ದಳು. ಎತ್ತಿನ ಕೊರಳಲ್ಲಿ ಹನ್ನೊಂದು ಗೆಜ್ಜೆ ಇದ್ದರೂ ಆ ವರ್ಷ ಅವಳ ಕೊಳಗ ಏರಿತು.

"ನನ್ನ ಗಾಡಿ ಒಮ್ಮೆರೆ ಬಿದ್ದೈತೇನ್ರಿ?" ಎಂದು ಕೇಳಿದಳು.

"ನಿನ್ನ ಗಾಡಿ ಬಿದ್ದಿಲ್ಲಮ್ಮ. ನಿನ್ನ ಬೀದಿ ಬಿದ್ದಿದೆ," ಎಂದ ಅಳೆಯುವವನು. ಆ ಬೀದಿಯಲ್ಲಿ ಬೇರೆಯವರ ಮೂರು ಗಾಡಿ ಜಾರಿದ್ದವು.

ಅವಳ ಗಾಡಿಗೆ ಎಣ್ಣೆ ಹಚ್ಚುವಾಗ ಅಚ್ಚಿನಲ್ಲಿ ಉಗುರು ಇಳಿಯುವಷ್ಟು ಸೀಳು ಕಂಡಿತು.

"ಬಾಳವ್ವ, ಅಚ್ಚು ಸೀಳೈತಿ. ಕಣಜಕ್ಕ ಹೇಳು, ಹೊಸದು ಹಾಕಿಸ್ತಾರ."

"ಹೇಳಿದ್ರ ಹನ್ನೊಂದೂ ಗೆಜ್ಜಿ ಬಿಚ್ಕೊಂಡು ಹೋಗ್ತಾರ. ಯುಗಾದಿ ಒಂದು ದಾಟ್ಲಿ."

"ಅಚ್ಚಿಗೆ ಯುಗಾದಿ ತಿಳಿತೈತೇನು?"

"ಊರಿಲ್ಲ, ಗಾಡಿ ಇಲ್ಲ, ನಿನಗೇನ್ ತಿಳಿತೈತೋ ಬಿಡಾಡಿ? ಹನ್ನೊಂದು ವರ್ಷ ಉಸಿರು ಹಿಡದು ಇಳಿಜಾರು ಇಳದೀನಿ."

ನಗುತ್ತಲೇ ಅಚ್ಚಿಗೆ ತೆಂಗಿನ ಹಗ್ಗ ಸುತ್ತಿದಳು. ಆಮೇಲೆ ಊರಲ್ಲಿ ಕಣ್ಣಾಡಿಸಿದೆ. ಯಾವ ಎತ್ತಿಗೆ ಗೆಜ್ಜೆ ಹೆಚ್ಚೋ ಆ ಗಾಡಿಗೆ ಹಗ್ಗವೂ ಹೆಚ್ಚು. ಕಣಜದ ಬಾಗಿಲು ಮಾತ್ರ ಕಾಳಿನ ಭಾರಕ್ಕೆ ಉಬ್ಬಿಕೊಂಡಿತ್ತು.

ಇನ್ನೂ ಎರಡು ಸಲ ಹೇಳಿದೆ. ಯುಗಾದಿಗೆ ಒಂಬತ್ತು ದಿನ ಇರುವಾಗ, ತುಂಬಿದ ಗಾಡಿ ಇಳಿಜಾರಿನಲ್ಲಿ ಅಚ್ಚು ಮುರಿದು ಮಗುಚಿತು. ಎತ್ತು ಉಳಿಯಿತು. ಬಾಳವ್ವನ ಬಲಗಾಲು ಚಕ್ರದಡಿ ಸಿಕ್ಕಿತು. ಇನ್ನು ಆ ಕಾಲ ಮೇಲೆ ನಿಲ್ಲುವುದು ಸುಳ್ಳು ಎಂದರು ವೈದ್ಯರು. ಕಣಜದಿಂದ ಹೊಸ ಗಾಡಿ ಬಂದಿದ್ದರೆ ಕೂತೇ ಹೊಡೆದು ಬದುಕಬಹುದಿತ್ತು.

ಅಳೆಯುವವನು ಬಂದ. ಅವಳನ್ನು ಏನೂ ಕೇಳಲಿಲ್ಲ, ನನ್ನತ್ತ ತಿರುಗಿದ.

"ಎಣ್ಣೆ ಹಚ್ಚುತ್ತಿದ್ದವನು ನೀನೇ ಅಲ್ಲವೇ? ಸೀಳು ಕಾಣಲಿಲ್ಲವೇ?"

ತಪ್ಪು ನನ್ನ ತಲೆಗೆ ಬರುತ್ತದೆಂದು ಹೆದರಿದೆ. "ಕಂಡಿತ್ತು. ಮೂರು ಸಲ ಹೇಳೀನಿ," ಎಂದೆ.

ಹೊರಸಿನ ಮೇಲೆ ಬಾಳವ್ವ ಕಣ್ಣು ಮುಚ್ಚಿಕೊಂಡಳು.

"ಗೊತ್ತಿದ್ದ ಸೀಳಿಗೆ ಕಣಜದ ಕಾಳಿಲ್ಲ," ಎಂದು ಅವನು ಹೊರಟುಹೋದ.

ಯುಗಾದಿಯ ಮಾರನೆಯ ದಿನ ಮತ್ತೆ ಬಂದ. ಈ ವರ್ಷವೂ ಈ ಮನೆ ಕಣಜ ಮುಟ್ಟಿಲ್ಲ ಎನ್ನುತ್ತ ಎತ್ತಿನ ಕೊರಳಿಗೆ ಹನ್ನೆರಡನೆಯ ಗೆಜ್ಜೆ ಕಟ್ಟಿದ. ಇನ್ನು ಅವಳು ಅರ್ಧ ಸುರಿದರೆ ಸಾಕಂತೆ. ಕೆಳಬೀದಿಯ ಉಳಿದವರಿಗೆಲ್ಲ ಒಂದೊಂದು ಕೊಳಗ ಏರಿತು. ನೊಗವಿಲ್ಲದ ಎತ್ತು ನೊಣ ಓಡಿಸಲು ತಲೆ ಕೊಡವಿದಾಗಲೆಲ್ಲ ಗೆಜ್ಜೆಯ ಸದ್ದು ಮೇಲಿನ ಬೀದಿಯವರೆಗೂ ಕೇಳುತ್ತಿತ್ತು. ಅಲ್ಲಿಯವರು, "ಪುಣ್ಯವಂತಿ, ಹನ್ನೆರಡು ಮುಟ್ಟಿಸಿದಳು," ಎನ್ನುತ್ತಿದ್ದರು.

ಒಂದು ಬೆಳಗ್ಗೆ ನಾನು ಹರಿದ ಬಟ್ಟೆ, ಎಣ್ಣೆಯ ಬಿದಿರು ಗೊಟ್ಟ ಚೀಲಕ್ಕೆ ತುಂಬುತ್ತಿದ್ದೆ.

"ಹೊಂಟ್ಯಾ?" ಎಂದಳು ಬಾಳವ್ವ. "ಎತ್ತಿಗೆ ನೀರಿಟ್ಟು ಹೋಗು."

ಇಟ್ಟೆ. ಎದುರುಮನೆಯ ಶಿವರುದ್ರ, ಒಂಬತ್ತು ಗೆಜ್ಜೆಯವನು, ತನ್ನ ಗಾಡಿಯ ಪಕ್ಕ ನಿಂತು ಕರೆದ.

"ಹೋಗೂಮುಂದ ನಂದಕ್ಕೂ ಎಣ್ಣಿ ಹಚ್ಚಿ ಹೋಗಪ್ಪ. ಹಚ್ಚೂವಾಗ ಕಣ್ಣ ಮಾತ್ರ ಮುಚ್ಕೊ."

ಗೊಟ್ಟವನ್ನು ಚೀಲದ ತಳಕ್ಕೆ ತಳ್ಳಿ ಬಾಯಿ ಕಟ್ಟಿದೆ.