ಗೌಡರ ಮನೆ ರೊಟ್ಟಿ

ಪಂಪಮ್ಮ ರೊಟ್ಟಿ ಬಡಿಯಲು ಕೂತರೆ ಆ ಸಪ್ಪಳ ಲಿಂಗಸುಗೂರಿನ ತನಕ ಕೇಳುತ್ತಿತ್ತು. ಅಲ್ಲಿಯ ತಹಶೀಲದಾರ ಸಾಹೇಬ ಗುಡುಗು ಬಂತೆಂದು ಕೊಡೆ ಬಿಚ್ಚುತ್ತಿದ್ದ. ಇದರಲ್ಲಿ ಅರ್ಧ ಸುಳ್ಳು, ಇರಲಿ. ಸಾಹೇಬನ ಹತ್ತಿರ ಕೊಡೆಯೇ ಇರಲಿಲ್ಲ.

ಆದರೆ ಅವತ್ತು ಅವಳ ಒಲೆ ತಣ್ಣಗಿತ್ತು. ಬಸವಂತರಾಯ ಗೌಡರ ಮಗಳ ಮದುವೆ. ಓಣಿಯ ಹೆಂಗಸರೆಲ್ಲ ಬಟ್ಟೆ ಮುಚ್ಚಿದ ಬುಟ್ಟಿ ಹೊತ್ತು ಗೌಡರ ವಾಡೆಯ ಕಡೆ ಹೊರಟಿದ್ದರು. ಪಂಪಮ್ಮ ಹೊಸ್ತಿಲ ಮೇಲೆ ಕೂತು, ಎಲೆಗೆ ಸುಣ್ಣ ಹಚ್ಚುತ್ತ, ಒಬ್ಬೊಬ್ಬರನ್ನೇ ನೋಡುತ್ತಿದ್ದಳು.

ತುರ್ವಿಹಾಳದ ಆಚೆಯ ಆ ಊರಿಗೆ ಕಾಲುವೆ ನೀರು ಬಂದ ಮರುವರ್ಷವದು. ತೂಬಿನ ಬಾಯಿಗೇ ಪಂಪಮ್ಮನ ಹೊಲ. ಗಂಡ ಸತ್ತವಳಿಗೆ ನೀರಾವರಿ ಯಾಕೆ, ಹೊಲ ನನಗೆ ಕೊಡೆಂದು ಗೌಡರು ಕೇಳಿದರು. ಬಾಯಾರಿಕೆ ಗಂಡನ ಜೊತೆ ಸಾಯುವುದಿಲ್ಲವೆಂದು ಇವಳು ಹೇಳಿ ಕಳಿಸಿದಳು. ತಿಂಗಳೊಪ್ಪತ್ತಿನಲ್ಲಿ ಬಸವಣ್ಣನ ಕಟ್ಟೆಯ ಮೇಲೆ ಪಂಚರು ಕೂತರು. "ಕಾಲುವಿ ಮೇಸ್ತ್ರಿ ಕೂಡ ಇಕಿ ಇದ್ದದ್ದು ನಾ ಕಣ್ಣಾರೆ ಕಂಡೀನಿ" ಎಂದರು ಗೌಡರು. ಅವರು ಕಂಡ ಮೇಲೆ ಕೇಳುವವರು ಯಾರು? ಪಂಚರು ಹಾಕಿದ ದಂಡದಂತೆ, ಗೌಡರ ಕಾಲಿನ ಕೆರ ತಲೆಯ ಮೇಲೆ ಹೊತ್ತು ಪಂಪಮ್ಮ ಊರು ಸುತ್ತಿದಳು. ಕೆರಕ್ಕೆ ಆ ಮುಂಜಾನೆಯ ಸಗಣಿ ಇನ್ನೂ ಹತ್ತಿತ್ತು. ಹೆಂಗಸರು ಬಾಗಿಲು ಹಾಕಿಕೊಂಡು ಸಂದಿಯಿಂದ ನೋಡಿದರು.

ಸಂಜೆ ನೆರೆಮನೆಯ ಬಸವಣ್ಣೆಮ್ಮ ಮತ್ತಿಬ್ಬರನ್ನು ಕರೆದುಕೊಂಡು ಬಂದು ಅವಳ ತಲೆ ತೊಳೆದಳು. ತೊಳೆಯುತ್ತ ತಾನೇ ಅತ್ತಳು.

"ಅಳಬ್ಯಾಡಬೇ" ಎಂದಳು ಪಂಪಮ್ಮ. "ಬರೋ ತಿಂಗಳ ಅವ್ನ ಮಗಳ ಮದುವಿ. ಮನಿಮನಿಗೆ ಹಿಟ್ಟು ಬರ್ತೈತಿ. ಇಸ್ಕೋರಿ."

"ಇಸ್ಕೊಂಡು?"

"ಸುಮ್ನ ಇಟ್ಕೋರಿ."

ದೊಡ್ಡ ಮದುವೆಗೆ ಒಂದು ಮನೆಯ ಒಲೆ ಎಲ್ಲಿ ಸಾಕಾಗುತ್ತದೆ? ಓಣಿಗೆಲ್ಲ ಜೋಳದ ಹಿಟ್ಟು ಹಂಚುತ್ತಾರೆ; ಹೆಂಗಸರು ರೊಟ್ಟಿ ಬಡಿದು ಬುಟ್ಟಿ ತುಂಬಿ ತಂದು ಕೊಡುತ್ತಾರೆ. ಗೌಡರಿಗೆ ಬಾಜಾದವರ ಚಿಂತೆ ಇತ್ತು, ಹಂದರದ ಚಿಂತೆ ಇತ್ತು. ರೊಟ್ಟಿ ಮಾತ್ರ ಹೊತ್ತು ಹುಟ್ಟಿದ ಹಾಗೆ ತಾನೇ ಬರುತ್ತದೆಂದು ತಿಳಿದಿದ್ದರು.

ಮದುವೆಯ ದಿನ ಲಿಂಗಸುಗೂರಿನ ಬೀಗರು ಪಂಕ್ತಿಗೆ ಕೂತರು. ಎಣ್ಣೆಗಾಯಿ ಬಡಿಸಿದ್ದಾಯಿತು. ಗೌಡರ ಹೆಂಡತಿ ಕಲ್ಯಾಣಮ್ಮ ಮೊದಲ ಬುಟ್ಟಿಯ ಬಟ್ಟೆ ಎತ್ತಿದಳು. ಹಸಿ ಹಿಟ್ಟು. ಎರಡನೆಯದರಲ್ಲೂ ಹಿಟ್ಟು. ಸಾಲಿಗೆ ಸಾಲೇ ಹಿಟ್ಟು.

"ಏನ್ರೀ ಬೀಗರ, ಹಿಟ್ಟು ಮುಕ್ಕಾಕ ನಾವೇನು ದನ ಏನ್ರೀ?" ಎಂದ ಹಿರಿಯ ಬೀಗ.

"ಏನಬೇ ಇದು!" ಗೌಡರು ಗುಡುಗಿದರು.

ಬಸವಣ್ಣೆಮ್ಮ ಸೆರಗು ಸರಿಮಾಡಿಕೊಂಡಳು. "ಕೈ ಹೊಲಸಾಗ್ಯಾವ್ರೀ ಗೌಡ್ರ. ಅವತ್ತ ಪಂಪವ್ವನ ತಲಿ ತೊಳದ್ವಿ ನೋಡ್ರಿ, ನಿಮ್ಮ ಕೆರದ ಹೊಲಸು ಹತ್ತೈತಿ. ಎಷ್ಟ್ ತಿಕ್ಕಿದ್ರೂ ಹೋಗವಲ್ದು. ಆಕಿ ಮುಂದ ಕುಂತು ಬಡದ್ರ ನಾವೂ ಬಡಿತೀವಿ."

ಗೌಡರು ಹೆಂಡತಿಯ ಮುಖ ನೋಡಿದರು. ಅವಳು ಬುಟ್ಟಿಗೆ ಮತ್ತೆ ಬಟ್ಟೆ ಮುಚ್ಚಿ, "ನಾನೂ ಅವತ್ತ ಬಾಗಲಾ ಹಾಕ್ಕೊಂಡಿದ್ದೆ" ಎಂದಳು. "ಹೋಗ್ರಿ. ಆಕಿ ಮನಿ ನಿಮಗ ಗೊತ್ತೈತಿ."

ಗೌಡರ ಜರತಾರಿ ರುಮಾಲು ಮುಂದೆ, ಹಸಿದ ಬೀಗರು ಹಿಂದೆ. ಪಂಪಮ್ಮ ಹೊಸ್ತಿಲು ಬಿಟ್ಟು ಏಳಲಿಲ್ಲ.

"ಬಾರವಾ ಪಂಪವ್ವಾ, ಮರ್ಯಾದಿ ಉಳಸು."

"ಯಾರ್ದರೀ?"

ಗೌಡರು ಗಂಟಲಲ್ಲೇ ಏನೋ ಅಂದರು.

"ಕೇಳವಲ್ದ್ರೀ. ಕಟ್ಟಿ ಮ್ಯಾಲ ದನಿ ಭಾಳ ದೊಡ್ಡದಿತ್ತು."

"ನಾ ಏನೂ ಕಂಡಿದ್ದಿಲ್ಲ! ಹೊಲದ ಆಸೆಕ್ಕ ಸುಳ್ಳು ಹೇಳಿದ್ದೆ!"

"ಬೀಗರ, ನಿಮಗ ಕೇಳ್ತೇನ್ರೀ?"

"ಕೇಳ್ತವಾ ತಾಯಿ, ಮುಂದಿನ ಊರಿಗೂ ಕೇಳ್ತು. ಎದ್ದು ಬಾ, ಹೊಟ್ಟಿ ಹಸದೈತಿ."

ಆಗ ಎದ್ದಳು. ವಾಡೆಯ ಅಂಗಳದಲ್ಲಿ ಒಲೆಗಳು ಹೊತ್ತಿಕೊಂಡವು, ಬಡಿತಕ್ಕೆ ತೊಲೆಯ ಪಾರಿವಾಳಗಳು ಎದ್ದು ಮಸ್ಕಿ ಗುಡ್ಡ ಸೇರಿದವು. ಬೀಗರು ಉಂಡರು, ಬಾಜಾದವರು ಉಂಡರು, ಪಂಚರೂ ತಲೆ ತಗ್ಗಿಸಿ ಉಂಡರು. ಕಡೆಗೆ, ಮುಂಜಾನೆಯಿಂದ ಉಪವಾಸವಿದ್ದ ಗೌಡರು ಪತ್ರಾವಳಿ ಮುಂದೆ ಬಂದು ಕೂತರು.

ಪರಾತದಲ್ಲಿ ಉಳಿದದ್ದು ಒಂದೇ ಒಂದು ಉಂಡೆ ಹಿಟ್ಟು. ಪಂಪಮ್ಮ ಅದನ್ನು ಅಂಗೈಯಲ್ಲಿ ಹಿಡಿದು ಒಲೆಯನ್ನೊಮ್ಮೆ ನೋಡಿದಳು, ಪಕ್ಕದ ನೀರಿನ ಕೊಡವನ್ನೊಮ್ಮೆ ನೋಡಿದಳು.

ಉಂಡೆಯನ್ನು ಬಡಿದಳೋ, ಕೊಡವನ್ನು ಒಲೆಗೆ ಸುರಿದಳೋ? ಇಷ್ಟೊತ್ತು ಕೇಳಿದ್ದೀರಿ, ನೀವೇ ಹೇಳಿ ನೋಡೋಣ.